ಕಾಯಕಕ್ಕೆ ಮೂಲಧನ: ಮಲೆನಾಡಿನ ಸಣ್ಣ ಕಸುಬು ಮತ್ತು ಸಾಲದ ಚರಿತ್ರೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಸಾಗುವ ದಾರಿಯಲ್ಲಿ ಮೇಗರವಳ್ಳಿ ಎಂಬ ಊರಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಯನ್ನು ಓದಿದವರಿಗೆ ಈ ಹೆಸರು ಅಪರಿಚಿತವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಮಲೆನಾಡನ್ನು ಚಿತ್ರಿಸುವ ಆ ಕೃತಿಯಲ್ಲಿ ಕಾಡು, ಮಳೆ, ಗುತ್ತು, ಮನೆತನಗಳ ಜೊತೆಗೆ ಸಾಲವೂ ಜೀತವೂ ಎಡೆಬಿಡದೆ ಕಾಣಿಸಿಕೊಳ್ಳುತ್ತವೆ. ಅದು ಕೇವಲ ಕವಿಕಲ್ಪನೆಯಲ್ಲ. ಘಟ್ಟದ ಮೇಲಿನ ಅಡಕೆ, ಮೆಣಸು, ಏಲಕ್ಕಿಗಳೂ ಘಟ್ಟದ ಕೆಳಗಿನ ಉಪ್ಪು, ಒಣಮೀನು, ತೆಂಗು, ಬಟ್ಟೆಗಳೂ ಒಂದನ್ನೊಂದು ಸಂಧಿಸುವ ದಾರಿಯಲ್ಲಿ ನಿಂತ ಊರಿಗೆ ಹಣದ ಹರಿವು ಹೊಸದಲ್ಲ. ಆದರೆ ಆ ಹರಿವು ಯಾರ ಹೊಸ್ತಿಲವರೆಗೆ ಬಂದಿತು, ಯಾರ ಹೊಸ್ತಿಲಲ್ಲಿ ನಿಂತುಹೋಯಿತು ಎಂಬುದೇ ವಿಚಾರಣೀಯ. ಕೈಯಲ್ಲಿ ಕಸುಬಿದ್ದು ಗಂಟಿನಲ್ಲಿ ಹಣವಿಲ್ಲದವನು ತನ್ನ ಕಸುಬನ್ನು ಆರಂಭಿಸಲು, ಉಳಿಸಿಕೊಳ್ಳಲು, ಬೆಳೆಸಲು ಮೂಲಧನವನ್ನು ಎಲ್ಲಿಂದ ತಂದನು, ಅದಕ್ಕೆ ಪ್ರತಿಯಾಗಿ ಏನನ್ನು ಒತ್ತೆಯಿಟ್ಟನು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಈ ನಾಡಿನ ಚರಿತ್ರೆಯ ಒಂದು ಮುಖ್ಯ ಎಳೆಯೇ ಕೈಗೆ ಸಿಗುತ್ತದೆ.

ಶರಣರ ನಾಮಾವಳಿಯನ್ನು ಭಕ್ತಿಯಿಂದ ಪಠಿಸುವವರು ಅದನ್ನೊಮ್ಮೆ ಕಸುಬುಗಳ ಪಟ್ಟಿಯಾಗಿಯೂ ಓದಬಹುದು. ಜೇಡರ ದಾಸಿಮಯ್ಯ ನೇಕಾರ. ಅಂಬಿಗರ ಚೌಡಯ್ಯ ದೋಣಿ ನಡೆಸುವವ. ಮೇದರ ಕೇತಯ್ಯ ಬಿದಿರಿನ ಕೆಲಸದವ. ನುಲಿಯ ಚಂದಯ್ಯ ಹಗ್ಗ ಹೊಸೆಯುವವ. ಮೋಳಿಗೆ ಮಾರಯ್ಯ ಸೌದೆ ಮಾರುವವ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರು ತೊಗಲಿನ ಕಸುಬಿನವರು. ಇಂದಿನ ಆಡಳಿತದ ಮಾತಿನಲ್ಲಿ ಹೇಳುವುದಾದರೆ ಇವರೆಲ್ಲರೂ ಅತಿಸಣ್ಣ ಉದ್ಯಮಿಗಳು. ಮಗ್ಗ, ದೋಣಿ, ಕತ್ತಿ, ಕೊಡಲಿ, ಹದಗೊಳಿಸುವ ತೊಟ್ಟಿ ಇವು ಅವರ ಬಂಡವಾಳ. ಕಾಯಕವೆಂದರೆ ಬರಿಯ ದುಡಿಮೆಯಲ್ಲ, ಸತ್ಯಶುದ್ಧವಾದ ದುಡಿಮೆ ಎಂಬ ತತ್ತ್ವವನ್ನು ವಚನಗಳು ಸಾರಿದವು. ಗಳಿಸಿದ್ದನ್ನು ಹೇಗೆ ವಿನಿಯೋಗಿಸಬೇಕೆಂಬುದಕ್ಕೆ ದಾಸೋಹವೆಂಬ ಉತ್ತರವನ್ನು ಕೊಟ್ಟವು. ಆದರೆ ಮಗ್ಗವನ್ನು ಹೂಡಲು ಮೊದಲ ಹೊನ್ನು ಎಲ್ಲಿಂದ ಬಂದಿತೆಂಬುದನ್ನು ವಚನಗಳು ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಚರ್ಚಿಸುವುದಿಲ್ಲ. ಚರ್ಚಿಸಬೇಕೆಂದು ಅಪೇಕ್ಷಿಸುವುದೂ ಉಚಿತವಲ್ಲ. ಅದಕ್ಕೆ ಶಾಸನಗಳತ್ತ ತಿರುಗಬೇಕಾಗುತ್ತದೆ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ಅಲ್ಲಮಪ್ರಭುವಿನ ಹೆಸರಿನೊಡನೆ ಬೆಸೆದುಕೊಂಡ ಊರು. ಅಕ್ಕಮಹಾದೇವಿಯ ಉಡುತಡಿಯೂ ಅದೇ ತಾಲ್ಲೂಕಿನದು. ಚಾಲುಕ್ಯ, ಕಳಚುರ್ಯರ ಕಾಲದಲ್ಲಿ ಬಳ್ಳಿಗಾವಿ ಬನವಾಸಿ ನಾಡಿನ ರಾಜಧಾನಿಯಾಗಿ, ದೊಡ್ಡ ವ್ಯಾಪಾರಸ್ಥಳವಾಗಿ ಮೆರೆದಿತ್ತು. ಅಲ್ಲಿಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ಅದನ್ನು ವಿದ್ಯಾಸ್ಥಾನವಾಗಿ, ಅನ್ನಸತ್ರವಾಗಿ, ರೋಗಿಗಳ ಚಿಕಿತ್ಸಾಸ್ಥಾನವಾಗಿ ಕಾಣಿಸುತ್ತದೆ. ಇಂಥ ಸಂಸ್ಥೆಗಳಿಗೆ ದತ್ತಿಯಾಗಿ ಬಂದದ್ದು ಭೂಮಿ ಮಾತ್ರವಲ್ಲ, ಹೊನ್ನು ಕೂಡ. ಕರ್ನಾಟಕದ ಅನೇಕ ದಾನಶಾಸನಗಳಲ್ಲಿ ಒಂದು ವ್ಯವಸ್ಥೆ ಮರುಕಳಿಸುತ್ತದೆ. ದಾನಿಯು ಕೊಟ್ಟ ಗದ್ಯಾಣಗಳನ್ನು ಮಹಾಜನರ, ಸೆಟ್ಟಿಗಳ ಅಥವಾ ಕಸುಬಿನ ಕೂಟದ ವಶಕ್ಕೆ ಕೊಡುವುದು. ಅಸಲನ್ನು ಮುಟ್ಟದೆ ಅದರ ಬಡ್ಡಿಯಿಂದ ನಂದಾದೀವಿಗೆ, ನೈವೇದ್ಯ, ತಪೋಧನರ ಆಹಾರ ಇವನ್ನು ಸಲ್ಲಿಸುವುದು. ಅಂದರೆ ದೇಗುಲದ ಹೊನ್ನು ಗರ್ಭಗುಡಿಯಲ್ಲಿ ಹೂತಿಟ್ಟ ನಿಧಿಯಾಗಿರಲಿಲ್ಲ. ಊರಿನ ವ್ಯವಹಾರದಲ್ಲಿ ಓಡಾಡುವ ಮೂಲಧನವಾಗಿತ್ತು. ಬಡ್ಡಿ ತಪ್ಪಿದರೆ ದೀಪ ಆರುತ್ತದೆಂಬ ಅಂಜಿಕೆಯೇ ಅಲ್ಲಿ ಜಾಮೀನು.

ಅದೇ ಕಾಲದ ಅಯ್ಯಾವೊಳೆ ಐನೂರ್ವರ ಸಂಘವು ಇನ್ನೊಂದು ಬಗೆಯ ನಂಬುಗೆಯನ್ನು ಕಟ್ಟಿತು. ಐಹೊಳೆಯಿಂದ ಹೆಸರು ಪಡೆದ ಈ ಬಣಜಿಗರ ಕೂಟವು ನಾನಾದೇಶಗಳಲ್ಲಿ ಸಂಚರಿಸಿ ವ್ಯಾಪಾರ ಮಾಡುತ್ತಿತ್ತು. ಪಟ್ಟಣಸ್ವಾಮಿ, ವಡ್ಡವ್ಯವಹಾರಿ ಎಂಬ ಪದಗಳು ಬಳ್ಳಿಗಾವಿಯಂಥ ಊರುಗಳ ಶಾಸನಗಳಲ್ಲಿ ಗೌರವದಿಂದ ಬಳಕೆಯಾಗಿವೆ. ವೀರಬಣಂಜು ಧರ್ಮವೆಂದು ತಮ್ಮ ನಡೆಯನ್ನು ಕರೆದುಕೊಂಡ ಈ ವರ್ತಕರಲ್ಲಿ ಮಾತು ತಪ್ಪಿದವನು ಕೂಟದಿಂದಲೇ ಹೊರಬೀಳುವ ಅಪಾಯವಿತ್ತು. ಹೀಗೆ ವ್ಯಕ್ತಿಯ ಹಿಂದೆ ಕೂಟ, ಕೂಟದ ಹಿಂದೆ ಕೀರ್ತಿ ಎಂಬ ಕ್ರಮದಲ್ಲಿ ಸಾಲದ ವ್ಯವಹಾರ ನಿಂತಿತು. ಈ ಕ್ರಮದ ಗುಣವೂ ದೋಷವೂ ಒಂದೇ. ಕೂಟದ ಒಳಗಿರುವವನಿಗೆ ಹಣ ಸುಲಭ, ಹೊರಗಿನವನಿಗೆ ದುರ್ಲಭ. ಮಾದಾರ, ಡೋಹರ, ಮೇದರಂಥವರಿಗೆ ವಡ್ಡವ್ಯವಹಾರಿಯ ಅಂಗಳದಲ್ಲಿ ಎಂಥ ಸ್ಥಾನವಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರ ಸುತ್ತ ನೆರೆದವರು ಬಹುಮಟ್ಟಿಗೆ ಇಂಥ ಕೂಟಗಳ ಹೊರಗಿನವರೇ ಆಗಿದ್ದರೆಂಬುದು ಚರಿತ್ರೆಯ ವಿದ್ಯಾರ್ಥಿಗಳು ಮರೆಯಬಾರದ ಸಂಗತಿ.

ವಿಜಯನಗರದ ಉತ್ತರಕಾಲದಲ್ಲಿ ಮಲೆನಾಡಿನ ಒಡೆತನ ಕೆಳದಿಯ ಅರಸರದಾಯಿತು. ಕೆಳದಿ, ಇಕ್ಕೇರಿ, ಬಿದನೂರು ಎಂದು ಅವರ ರಾಜಧಾನಿ ಮೂರು ನೆಲೆಗಳನ್ನು ಕಂಡಿತು. ಮೊದಲಿನೆರಡು ಇಂದಿನ ಸಾಗರ ತಾಲ್ಲೂಕಿನಲ್ಲಿವೆ. ಬಿದನೂರು ಹೊಸನಗರ ತಾಲ್ಲೂಕಿನ ನಗರ ಎಂಬ ಊರು. ವೀರಶೈವರಾದ ಈ ಅರಸರು ಮಠಗಳಿಗೆ ಉದಾರವಾಗಿ ದತ್ತಿಗಳನ್ನು ಬಿಟ್ಟರು. ಘಟ್ಟದ ಕೆಳಗಿನ ಬಂದರುಗಳ ಮೂಲಕ ಅಕ್ಕಿ, ಮೆಣಸುಗಳ ವ್ಯಾಪಾರವನ್ನು ಪೋರ್ತುಗೀಸರೊಡನೆ ನಡೆಸಿದರು. ಶಿವಪ್ಪನಾಯಕನ (೧೬೪೫–೧೬೬೦) ಶಿಸ್ತು ಎಂದು ಪ್ರಸಿದ್ಧವಾದ ಕಂದಾಯ ವ್ಯವಸ್ಥೆ ನಮ್ಮ ವಿಷಯಕ್ಕೆ ಹತ್ತಿರವಾದುದು. ಬಗೆಬಗೆಯ ನೆಲವನ್ನು ಹನ್ನೆರಡು ವರ್ಷಗಳ ಕಾಲ ಸಾಗುವಳಿ ಮಾಡಿಸಿ, ಬೀಜ, ಖರ್ಚು, ಹುಟ್ಟುವಳಿಗಳ ಲೆಕ್ಕವಿರಿಸಿ, ಸರಾಸರಿಯ ಮೇಲೆ ಕಂದಾಯವನ್ನು ಗೊತ್ತುಪಡಿಸಿದನೆಂದು ಹೇಳಲಾಗುತ್ತದೆ. ಕೊಡಬೇಕಾದುದೆಷ್ಟು ಎಂಬುದು ಮೊದಲೇ ತಿಳಿದಿದ್ದರೆ ಒಕ್ಕಲಿಗನು ತೋಟಕ್ಕೆ ಹಣ ಹೂಡಲು ಧೈರ್ಯ ಮಾಡುತ್ತಾನೆ. ಅವನಿಗೆ ಸಾಲ ಕೊಡುವವನಿಗೂ ಧೈರ್ಯ ಬರುತ್ತದೆ. ಆ ನಿಶ್ಚಿತತೆ ಕದಡಿದಾಗ ಏನಾಗುವುದೆಂಬುದಕ್ಕೂ ಇದೇ ನಾಡು ಸಾಕ್ಷಿ. ೧೭೬೩ರಲ್ಲಿ ಬಿದನೂರು ಹೈದರನ ವಶವಾಯಿತು. ಮುಂದೆ ಮೈಸೂರು ಸಂಸ್ಥಾನದ ಆಡಳಿತದಲ್ಲಿ ಕಂದಾಯ ವಸೂಲಿಯನ್ನು ಗುತ್ತಿಗೆ ಕೊಟ್ಟದ್ದರಿಂದ ಹುಟ್ಟಿದ ಬೇಗೆ ೧೮೩೦–೩೧ರ ನಗರದ ದಂಗೆಯಾಗಿ ಸ್ಫೋಟಗೊಂಡು, ೧೮೩೧ರಲ್ಲಿ ಸಂಸ್ಥಾನದ ಆಡಳಿತವೇ ಬ್ರಿಟಿಷ್ ಕಮಿಷನರುಗಳ ಕೈಸೇರುವುದಕ್ಕೆ ಕಾರಣವಾಯಿತು.

ಅಡಕೆಯ ಬೆಳೆಗಾರನಿಗೆ ಸಾಲ ಏಕೆ ಅನಿವಾರ್ಯವೆಂಬುದನ್ನು ಅರಿಯಲು ತೋಟದ ಪಂಚಾಂಗವನ್ನು ನೋಡಬೇಕು. ನೆಟ್ಟ ಸಸಿ ಫಲ ಕೊಡಲು ಐದಾರು ವರ್ಷಗಳಾದರೂ ಬೇಕು. ಫಲ ಬರುತ್ತಿರುವ ತೋಟದಲ್ಲಿಯೂ ಖರ್ಚು ಬರುವುದು ಒಂದು ಕಾಲದಲ್ಲಿ, ಹಣ ಬರುವುದು ಇನ್ನೊಂದು ಕಾಲದಲ್ಲಿ. ಆಗುಂಬೆಯ ಸುತ್ತ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯಲ್ಲಿ ಕೊಳೆರೋಗವು ಎಳೆಗಾಯಿಯನ್ನು ಉದುರಿಸುತ್ತದೆ. ಹಿಂದೆ ಗೊನೆಗಳಿಗೆ ಕರಡದ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಅದಕ್ಕೆ ಬೇಕಾದುದು ಆಳು ಮತ್ತು ಹುಲ್ಲು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು ೧೯೧೦ರ ಸುಮಾರಿಗೆ ಕೊಳೆರೋಗದ ಕಾರಣವನ್ನು ಅಧ್ಯಯನಮಾಡಿ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಪ್ರಚಾರಕ್ಕೆ ತಂದರು. ಇದು ಮಲೆನಾಡಿಗೆ ದೊಡ್ಡ ಉಪಕಾರ. ಆದರೆ ಕೊಟ್ಟೆಯ ಹುಲ್ಲು ಬೆಟ್ಟದಲ್ಲಿ ಬೆಳೆಯುತ್ತಿತ್ತು. ಮೈಲುತುತ್ತವನ್ನು ಪೇಟೆಯಿಂದ ನಗದು ಕೊಟ್ಟು ತರಬೇಕು. ಜ್ಯೇಷ್ಠ, ಆಷಾಢಗಳಲ್ಲಿ ನಗದು ಬೇಕು. ಅಡಕೆ ಕೊಯ್ದು, ಸುಲಿದು, ಬೇಯಿಸಿ, ಚೊಗರು ಕೊಟ್ಟು, ಒಣಗಿಸಿ, ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸಿ ಪೇಟೆಗೆ ಸಾಗಿಸುವಾಗ ಎಳ್ಳಮಾವಾಸ್ಯೆಯ ಜಾತ್ರೆಯೇ ಕಳೆದಿರುತ್ತದೆ. ವಿಜ್ಞಾನವು ತೋಟವನ್ನು ಹೊಕ್ಕಾಗ ಅದರ ಬೆನ್ನಹಿಂದೆಯೇ ಸಾಲವೂ ಹೊಕ್ಕಿತು.

ಆ ನಡುವಣ ಆರೇಳು ತಿಂಗಳ ಕಂದಕಕ್ಕೆ ಸೇತುವೆಯಾದವನು ಮಂಡಿಯ ಸಾಹುಕಾರ. ಮಳೆಗಾಲದಲ್ಲಿ ಮುಂಗಡ ಕೊಡುವುದು, ಬೆಳೆಯನ್ನು ತನ್ನ ಮಂಡಿಗೇ ತರಬೇಕೆಂಬ ಕಟ್ಟುಪಾಡು ಹಾಕುವುದು, ಬಂದ ಅಡಕೆಯ ತೂಕ, ದರ್ಜೆ, ಧಾರಣೆಗಳನ್ನು ತಾನೇ ನಿರ್ಣಯಿಸುವುದು, ದಲ್ಲಾಳಿ, ಬಡ್ಡಿಗಳನ್ನು ಮುರಿದುಕೊಂಡು ಉಳಿದುದನ್ನು ಖಾತೆಗೆ ಜಮಾ ಮಾಡುವುದು ಈ ಪದ್ಧತಿಯ ಕ್ರಮ. ಮಂಡಿಯವನನ್ನು ಸುಮ್ಮನೆ ಖಳನೆಂದು ಕರೆಯುವುದು ಚರಿತ್ರೆಗೆ ಮಾಡುವ ಅನ್ಯಾಯ. ಬೇರಾರೂ ಕೊಡದ ಕಾಲದಲ್ಲಿ ಕಾಗದಪತ್ರವಿಲ್ಲದೆ ಮುಖ ನೋಡಿ ಹಣ ಕೊಟ್ಟವನು ಅವನೇ. ಮದುವೆಗೂ ಮರಣಕ್ಕೂ ಅದೇ ಬಾಗಿಲನ್ನು ತಟ್ಟಬೇಕಾಗಿತ್ತು. ದೋಷವಿದ್ದುದು ಅವನ ಸ್ವಭಾವಕ್ಕಿಂತ ಹೆಚ್ಚಾಗಿ ಏರ್ಪಾಟಿನಲ್ಲಿ. ಸಾಲ ಕೊಡುವವನೂ ಸರಕು ಕೊಳ್ಳುವವನೂ ಒಬ್ಬನೇ ಆದಾಗ ಬೆಲೆ ಕೇಳುವ ಸ್ವಾತಂತ್ರ್ಯವೇ ಒತ್ತೆಬೀಳುತ್ತದೆ. ಆ ಕಾಲದಲ್ಲಿ ಜೀತದಾಳಿನ ಪಾಲಿಗಂತೂ ಒತ್ತೆಯಿಡಲು ಬೆಳೆಯೂ ಇರಲಿಲ್ಲ. ತನ್ನ ದೇಹವನ್ನೇ, ಮಕ್ಕಳ ದೇಹವನ್ನೇ ಇಡಬೇಕಾಗಿತ್ತು. ಅಂಥ ಜೀತ ಕಾನೂನಿನಲ್ಲಿ ರದ್ದಾದದ್ದು ೧೯೭೫–೭೬ರಲ್ಲಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸದೊಂದು ವಿಚಾರ ಈ ದೇಶಕ್ಕೆ ಬಂದಿತು. ಜರ್ಮನಿಯಲ್ಲಿ ರೈಫೈಸನ್ ಎಂಬಾತ ಹಳ್ಳಿಯ ಬಡರೈತರ ಪರಸ್ಪರ ಸಾಲಸಂಘಗಳನ್ನು ಕಟ್ಟಿದ್ದನು. ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ ೧೮೯೫–೯೭ರಲ್ಲಿ ಸಲ್ಲಿಸಿದ ವರದಿಯು ಅದೇ ಮಾರ್ಗವನ್ನು ಇಲ್ಲಿಗೂ ಸೂಚಿಸಿತು. ೧೯೦೪ರಲ್ಲಿ ಸಹಕಾರ ಸಾಲಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, ೧೯೦೫ರಲ್ಲಿ, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿಕರ ಸಹಕಾರ ಸಂಘ ನೋಂದಣಿಯಾಯಿತು. ದೇಶದ ಇಂಥ ಸಂಘಗಳಲ್ಲಿ ಅದು ಮೊದಲನೆಯದೆಂದು ಪ್ರಸಿದ್ಧವಾಗಿದೆ. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಕಾನೂನು ಮಾಡಿ ಬೆಂಗಳೂರಿನಲ್ಲಿ ಸಹಕಾರ ಸಂಘವನ್ನು ಕಂಡಿತು. ೧೯೧೩ರಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ಬ್ಯಾಂಕು, ೧೯೧೫ರಲ್ಲಿ ಸಹಕಾರ ಕ್ಷೇತ್ರದ ರಾಜ್ಯಮಟ್ಟದ ಬ್ಯಾಂಕು ಆರಂಭವಾದವು.

೧೯೦೪ರ ಕಾಯಿದೆಯ ಒಂದು ಅಂಶವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿಯಿರಲಿಲ್ಲ. ಒಬ್ಬನು ತಪ್ಪಿದರೆ ಸಂಘದ ಸಾಲಕ್ಕೆ ಎಲ್ಲರೂ ಹೊಣೆ. ಮೇಲುನೋಟಕ್ಕೆ ಕಠೋರವೆನಿಸುವ ಈ ನಿಯಮದ ಒಳಗೆ ಒಂದು ಸೂಕ್ಷ್ಮ ವಿವೇಕವಿತ್ತು. ಒತ್ತೆಯಿಡಲು ಆಸ್ತಿಯಿಲ್ಲದವನಿಗೆ ನೆರೆಯವರ ನಂಬುಗೆಯೇ ಆಸ್ತಿ. ಅವನು ಕುಡುಕನೋ ದುಡಿಮೆಗಾರನೋ, ಸಾಲವನ್ನು ಎತ್ತಿಗೆ ಹಾಕುವನೋ ಜೂಜಿಗೆ ಹಾಕುವನೋ ಎಂಬುದು ದೂರದ ಬ್ಯಾಂಕಿಗೆ ತಿಳಿಯದು, ಒಂದೇ ಬಾವಿಯ ನೀರು ಸೇದುವವರಿಗೆ ತಿಳಿಯುತ್ತದೆ. ಬಣಜಿಗರ ಕೂಟದ ತತ್ತ್ವವನ್ನೇ ವರ್ತಕರಿಂದ ಬಿಡಿಸಿ ಉಳುವವನ ಕೈಗೆ ಕೊಟ್ಟಂತೆ ಇದು. ಅಲ್ಲಿ ಕುಲ ಮತ್ತು ಸಿರಿ ಕೊಟ್ಟ ಪ್ರವೇಶವನ್ನು ಇಲ್ಲಿ ನಡತೆಯು ಕೊಡಬೇಕಾಗಿತ್ತು.

ಇದೇ ಹೊತ್ತಿಗೆ ಘಟ್ಟದ ಕೆಳಗೆ ಬೇರೊಂದು ಪ್ರಯೋಗ ನಡೆದಿತ್ತು. ೧೯೦೬ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ೫೦೦೦ ರೂಪಾಯಿ ಬಂಡವಾಳದೊಡನೆ ಆರಂಭವಾದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕಾಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ತೆರೆದ ನಿಧಿ ಕೆನರಾ ಬ್ಯಾಂಕಾಯಿತು. ೧೯೨೫ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ, ವಾಮನ ಕುಡ್ವರು ಕೈಮಗ್ಗದ ನೇಕಾರರ ಕಷ್ಟಕ್ಕೆ ನೆರವಾಗಬೇಕೆಂದು ೮೦೦೦ ರೂಪಾಯಿಗಳಿಂದ ಉಡುಪಿಯಲ್ಲಿ ಕಟ್ಟಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕಾಗಿ ಬೆಳೆಯಿತು. ೧೯೨೮ರಲ್ಲಿ ಅದು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಸಂಗ್ರಹಿಸುತ್ತಿದ್ದನು. ಹೂಮಾರುವವಳೂ ಬೀಡಾ ಅಂಗಡಿಯವನೂ ಉಳಿಸಬಲ್ಲರೆಂಬುದನ್ನು ಅದು ತೋರಿಸಿತು. ದಿನದಿನದ ಎರಡಾಣೆಯ ದಾಖಲೆಯು ಉಳಿತಾಯದ ಲೆಕ್ಕವಷ್ಟೇ ಅಲ್ಲ, ನಡತೆಯ ಪ್ರಮಾಣಪತ್ರವೂ ಹೌದು. ಜಮೀನಿನ ಪತ್ರವಿಲ್ಲದವನ ಯೋಗ್ಯತೆಯನ್ನು ಅಳೆಯಲು ಅದಕ್ಕಿಂತ ನಂಬುಗೆಯ ಅಳತೆಗೋಲು ಬೇರೆ ಬೇಕೆ?

ಮಲೆನಾಡಿನಲ್ಲಿ ಮಂಡಿಯ ಹಿಡಿತಕ್ಕೆ ಎದುರಾಗಿ ನಿಂತದ್ದು ಸಹಕಾರವೇ. ಶಿರಸಿಯಲ್ಲಿ ೧೯೨೩ರಲ್ಲಿಯೇ ತೋಟಗಾರರ ಮಾರಾಟ ಸಂಘ ಹುಟ್ಟಿತ್ತು. ಶಿವಮೊಗ್ಗದಲ್ಲಿ ೧೯೩೯ರಲ್ಲಿ ಮಲೆನಾಡು ಅಡಕೆ ಮಾರಾಟ ಸಹಕಾರ ಸಂಘ, ಅಂದರೆ ಜನರ ಬಾಯಲ್ಲಿ ‘ಮ್ಯಾಮ್‌ಕೋಸ್’, ಸ್ಥಾಪನೆಯಾಯಿತು. ತೀರ್ಥಹಳ್ಳಿ, ಸಾಗರ, ಹೊಸನಗರಗಳ ಬೆಳೆಗಾರರು ಅದರ ಆಶ್ರಯಕ್ಕೆ ಬಂದರು. ಸದಸ್ಯನು ತಂದ ಅಡಕೆಯನ್ನು ಸಂಘದ ಉಗ್ರಾಣದಲ್ಲಿ ಇರಿಸಿಕೊಂಡು, ಅದರ ಆಧಾರದ ಮೇಲೆ ಮುಂಗಡ ಕೊಟ್ಟು, ಬಹಿರಂಗವಾಗಿ ವ್ಯಾಪಾರ ಮಾಡಿಸಿ, ಧಾರಣೆ ಒದಗಿದಾಗ ಮಾರುವ ಏರ್ಪಾಟು ಅದರದು. ಇಲ್ಲಿಯೂ ಸಾಲ ಕೊಡುವವನೂ ಮಾರಾಟ ಮಾಡಿಸುವವನೂ ಒಬ್ಬನೇ. ಆದರೆ ಆ ಒಬ್ಬನು ಬೆಳೆಗಾರರೇ ಸೇರಿ ಆದ ಸಂಘ. ತಕ್ಕಡಿ ಹಿಡಿದ ಕೈ ತನ್ನದೇ. ಧಾರಣೆ ಕುಸಿದಾಗ ಅರ್ಜೆಂಟಿಗೆ ಮಾರಿಕೊಳ್ಳದೆ ಕಾಯುವ ಶಕ್ತಿಯನ್ನು ಮುಂಗಡವು ಕೊಟ್ಟಿತು. ಸಣ್ಣ ಉತ್ಪಾದಕನಿಗೆ ಸಾಲದಿಂದ ದೊರೆಯುವ ದೊಡ್ಡ ಫಲವೆಂದರೆ ಹಣಕ್ಕಿಂತಲೂ ಹೆಚ್ಚಾಗಿ ಈ ಕಾಯುವ ಶಕ್ತಿಯೇ. ೧೯೭೩ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಪರಿಶ್ರಮದಿಂದ ಮಂಗಳೂರಿನಲ್ಲಿ ‘ಕ್ಯಾಂಪ್ಕೊ’ ಹುಟ್ಟಿದಾಗ ಇದೇ ತತ್ತ್ವ ಕರ್ನಾಟಕ, ಕೇರಳಗಳೆರಡಕ್ಕೂ ವ್ಯಾಪಿಸಿತು.

ಇಷ್ಟಾದರೂ ಇಡೀ ದೇಶದ ಚಿತ್ರ ಆಶಾದಾಯಕವಾಗಿರಲಿಲ್ಲ. ರಿಸರ್ವ್ ಬ್ಯಾಂಕು ೧೯೫೧–೫೨ರಲ್ಲಿ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿ ೧೯೫೪ರಲ್ಲಿ ಹೊರಬಂದಾಗ ಬೇಸಾಯಗಾರರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ. ೩ರಷ್ಟು, ವಾಣಿಜ್ಯ ಬ್ಯಾಂಕುಗಳ ಪಾಲು ಶೇ. ೧ಕ್ಕೂ ಕಡಿಮೆ, ಲೇವಾದೇವಿಗಾರರ ಪಾಲು ಸುಮಾರು ಶೇ. ೭೦ ಎಂದು ಕಂಡುಬಂದಿತು. ಅರ್ಧ ಶತಮಾನದ ಸಹಕಾರದ ಫಲ ಇಷ್ಟೇ ಏಕೆ? ಸಂಘಗಳು ಹುಟ್ಟಿದಾಗಿನ ತತ್ತ್ವ ನಡತೆಯನ್ನು ನಂಬಿದ್ದಿತಾದರೂ ಬೆಳೆಯುತ್ತ ಬಂದಂತೆ ವ್ಯವಹಾರ ಭೂಮಿಯನ್ನು ನಂಬತೊಡಗಿದ್ದುದು ಒಂದು ಮುಖ್ಯ ಕಾರಣ. ಪಹಣಿಯಲ್ಲಿ ಹೆಸರಿದ್ದವನಿಗೆ ಸಾಲ; ಹೆಸರಿದ್ದವನು ಉಳುವವನಲ್ಲ, ಉಳುವವನಿಗೆ ಹೆಸರಿಲ್ಲ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹವನ್ನು ಈ ಹಿನ್ನೆಲೆಯಲ್ಲಿಯೂ ನೋಡಬೇಕು. ಗೇಣಿಯ ಬತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿ ವಿವಾದದ ಕಿಡಿ. ಅಳತೆಯ ಪಾತ್ರೆಯೊಂದು ಚರಿತ್ರೆಯನ್ನು ತಿರುಗಿಸಿತು. ತೀರ್ಥಹಳ್ಳಿ ತಾಲ್ಲೂಕಿನವರಾದ ಶಾಂತವೇರಿ ಗೋಪಾಲಗೌಡರು ಆ ಹೋರಾಟಕ್ಕೆ ದನಿಯಾದರು. ಅದೇ ತಾಲ್ಲೂಕಿನ ಕಡಿದಾಳ್ ಮಂಜಪ್ಪನವರು ಗೇಣಿದಾರರ ಪರವಾದ ಶಾಸನಗಳಿಗಾಗಿ ಶ್ರಮಿಸಿದರು. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಗೊಂಡ ಭೂಸುಧಾರಣಾ ಕಾಯಿದೆ ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದಾಗ ಸಾವಿರಾರು ಗೇಣಿದಾರರ ಹೆಸರು ಪಹಣಿಯನ್ನು ಸೇರಿತು. ಅದು ಭೂಮಿಯ ನ್ಯಾಯ ಮಾತ್ರವಾಗಿರದೆ ಸಾಲದ ಬಾಗಿಲನ್ನು ತೆರೆದ ಕೀಲಿಯೂ ಆಯಿತು. ಆದರೆ ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು ಶರಾವತಿಯ ಹಿನ್ನೀರು ಹರಡಿದಾಗ ನೆಲೆ ಕಳೆದುಕೊಂಡ ಸಾಗರ, ಹೊಸನಗರ ಸೀಮೆಯ ಅನೇಕ ಕುಟುಂಬಗಳಿಗೆ ಪುನರ್ವಸತಿಯ ಭೂಮಿಯ ಹಕ್ಕುಪತ್ರ ದಶಕಗಳಾದರೂ ಕೈಸೇರಲಿಲ್ಲ. ನಾಡಿಗೆ ಬೆಳಕು ಕೊಟ್ಟವರ ಪಾಲಿಗೆ ಬ್ಯಾಂಕಿನ ಬಾಗಿಲು ಕತ್ತಲಾಗಿಯೇ ಉಳಿಯಿತು. ಪತ್ರವಿಲ್ಲದವನ ಶ್ರಮ ಲೆಕ್ಕಕ್ಕೆ ಬಾರದೆಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ಬೇಕಿಲ್ಲ.

೧೯೬೯ರ ಜುಲೈ ೧೯ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದಾಗ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ, ೧೯೮೦ರ ಏಪ್ರಿಲ್‌ನಲ್ಲಿ ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳೂ ಸರ್ಕಾರದ ಒಡೆತನಕ್ಕೆ ಬಂದವು. ಕೃಷಿ, ಸಣ್ಣ ಕೈಗಾರಿಕೆ ಮೊದಲಾದ ಆದ್ಯತಾ ರಂಗಗಳಿಗೆ ಸಾಲದ ಶೇ. ೪೦ರಷ್ಟು ಹೋಗಬೇಕೆಂಬ ಗುರಿ ಏರ್ಪಟ್ಟಿತು. ೧೯೭೫ರಿಂದ ಗ್ರಾಮೀಣ ಬ್ಯಾಂಕುಗಳು ಹುಟ್ಟಿದವು. ೧೯೫೯ರಲ್ಲಿ ಆರಂಭವಾಗಿದ್ದ ರಾಜ್ಯ ಹಣಕಾಸು ಸಂಸ್ಥೆಯು ಸಣ್ಣ ಕಾರ್ಖಾನೆಗಳಿಗೆ ದೀರ್ಘಾವಧಿಯ ಸಾಲ ಕೊಡುತ್ತ ಬಂದಿತ್ತು. ೧೯೮೨ರಲ್ಲಿ ನಬಾರ್ಡ್, ೧೯೯೦ರಲ್ಲಿ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕು ಬಂದವು. ತರುವಾಯದ ವಿಲೀನಗಳಲ್ಲಿ ಮೈಸೂರು ಬ್ಯಾಂಕು ೨೦೧೭ರಲ್ಲಿ, ವಿಜಯಾ ಬ್ಯಾಂಕು ೨೦೧೯ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ೨೦೨೦ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ರಾಜ್ಯದ ಗ್ರಾಮೀಣ ಬ್ಯಾಂಕುಗಳು ಹಂತಹಂತವಾಗಿ ಕೂಡಿಕೊಂಡು ೨೦೨೫ರ ಮೇ ೧ರಿಂದ ಒಂದೇ ಆದವು. ಸಂಸ್ಥೆ ದೊಡ್ಡದಾದಷ್ಟೂ ಅದರ ಭದ್ರತೆ ಹೆಚ್ಚುತ್ತದೆ, ನಿಜ. ಆದರೆ ಅಂಗಡಿಯವನ ನಡತೆಯನ್ನು ಬಲ್ಲ ಪಿಗ್ಮಿಯ ಪ್ರತಿನಿಧಿಯ ಅರಿವು ದೂರದ ಪ್ರಧಾನ ಕಚೇರಿಯ ಕಡತದಲ್ಲಿ ಉಳಿಯುವುದು ಕಷ್ಟ.

ಈ ಕೊರತೆಯನ್ನು ತುಂಬಲು ಸರ್ಕಾರಗಳು ಬೇರೊಂದು ಉಪಾಯವನ್ನು ಹಿಡಿದವು. ಸಾಲಗಾರನಲ್ಲಿ ಒತ್ತೆಯಿಲ್ಲದಿದ್ದರೆ ಸರ್ಕಾರವೇ ಜಾಮೀನು ನಿಲ್ಲುವುದು. ೨೦೦೦ದಲ್ಲಿ ಸಣ್ಣ ಉದ್ಯಮಗಳ ಸಾಲಖಾತರಿ ನಿಧಿ ಆರಂಭವಾಯಿತು. ೨೦೧೦ರಲ್ಲಿ ರಿಸರ್ವ್ ಬ್ಯಾಂಕು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ೧೦ ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಆಧಾರ ಕೇಳಕೂಡದೆಂದು ವಿಧಿಸಿತು. ೨೦೧೫ರಲ್ಲಿ ಬಂದ ಮುದ್ರಾ ಯೋಜನೆಯು ೫೦ ಸಾವಿರದ ಶಿಶು, ೫ ಲಕ್ಷದವರೆಗಿನ ಕಿಶೋರ, ೧೦ ಲಕ್ಷದವರೆಗಿನ ತರುಣ ಎಂಬ ಮೆಟ್ಟಿಲುಗಳನ್ನು ಕಟ್ಟಿತು. ಈ ಮೆಟ್ಟಿಲುಗಳನ್ನು ಏರಬೇಕಾದವರು ಮಲೆನಾಡಿನಲ್ಲಿ ಯಾರು ಎಂದು ನೋಡಿದರೆ ಶರಣರ ಪಟ್ಟಿಯೇ ಹೊಸ ವೇಷದಲ್ಲಿ ಎದುರು ನಿಲ್ಲುತ್ತದೆ: ಸಾಗರದ ಗಂಧದ ಕೆತ್ತನೆಯ ಗುಡಿಗಾರರು, ಹೆಗ್ಗೋಡಿನ ಸುತ್ತಿನ ಕೈಮಗ್ಗದ ಹೆಣ್ಣುಮಕ್ಕಳು, ಅಡಕೆಯ ಹಾಳೆಯಿಂದ ತಟ್ಟೆ ಒತ್ತುವವರು, ಅಪ್ಪೆಮಿಡಿಯ ಉಪ್ಪಿನಕಾಯಿ ಹಾಕುವವರು, ಬಿದಿರು ಹೆಣೆಯುವ ಮೇದರು. ಇವರಲ್ಲಿ ಅನೇಕರ ಮೊದಲ ಬಂಡವಾಳ ಇಂದಿಗೂ ಮನೆಯ ಹೆಣ್ಣಿನ ಮೈಮೇಲಿನ ಒಡವೆ. ಒಡವೆ ಅವಳದು, ಸಾಲದ ಖಾತೆ ಗಂಡನದು ಎಂಬ ವಿಪರ್ಯಾಸವನ್ನು ಸ್ವಸಹಾಯ ಸಂಘಗಳು ಸ್ವಲ್ಪಮಟ್ಟಿಗೆ ಸರಿಪಡಿಸಿದವು. ೧೯೯೨ರಲ್ಲಿ ನಬಾರ್ಡ್ ಆರಂಭಿಸಿದ, ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕ್ರಮದಲ್ಲಿ ಹತ್ತಿಪ್ಪತ್ತು ಹೆಂಗಸರ ಪರಸ್ಪರ ನಂಬುಗೆಯೇ ಮತ್ತೆ ಜಾಮೀನಾಯಿತು. ೧೯೦೪ರ ತತ್ತ್ವ ಸೀರೆಯುಟ್ಟು ಮರಳಿ ಬಂದಿತು ಎನ್ನಬಹುದು.

ಆದರೆ ಕೊರತೆಯ ಬೆನ್ನಿಗೇ ಅತಿರೇಕವೂ ಬಂದಿತು. ಗುಂಪಿನ ಹೊಣೆಗಾರಿಕೆಯನ್ನೇ ಆಧಾರವಾಗಿಟ್ಟುಕೊಂಡ ಖಾಸಗಿ ಕಿರುಸಾಲದ ವ್ಯವಹಾರ ಹಳ್ಳಿಗಳಲ್ಲಿ ಹಬ್ಬಿ, ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಎಂಬ ಸುಳಿಗೆ ಕುಟುಂಬಗಳು ಸಿಲುಕಿದವು. ವಸೂಲಿಯ ಕಿರುಕುಳದಿಂದ ಆದ ಸಾವುಗಳ ಸುದ್ದಿ ರಾಜ್ಯವನ್ನು ಕಲಕಿದ್ದರಿಂದ ೨೦೨೫ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಬಲಾತ್ಕಾರದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ನೆರೆಯವರ ನಂಬುಗೆ ನೆರೆಯವರ ಒತ್ತಡವಾಗಿ ಮಾರ್ಪಟ್ಟಾಗ ಆಗುವ ಅನರ್ಥವಿದು. ಸಾಲ ಸಿಗದಿರುವುದು ಎಷ್ಟು ದೊಡ್ಡ ಕಷ್ಟವೋ ದುಡಿಮೆಯ ಅಳತೆ ಮೀರಿ ಸಿಗುವುದೂ ಅಷ್ಟೇ ದೊಡ್ಡ ಕಷ್ಟ.

ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ದಂಪತಿಗಳ ಪ್ರಸಂಗ ಭಕ್ತರಿಗೆಲ್ಲ ತಿಳಿದುದೇ. ಬಿದ್ದ ಅಕ್ಕಿಯನ್ನು ಆಯ್ದು ತರುವ ಮಾರಯ್ಯನು ಒಂದು ದಿನ ಎಂದಿನ ಅಳತೆಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಿಳಿಹೇಳಿದಳು. ಈ ಪ್ರಸಂಗವನ್ನು ನಿರಾಶೆಯ ಪಾಠವಾಗಿ, ವೈರಾಗ್ಯದ ಪಾಠವಾಗಿ ವಿವರಿಸುವುದು ವಾಡಿಕೆ. ಅದು ಸರಿಯೇ. ಆದರೆ ಲಕ್ಕಮ್ಮನಿಗೆ ಅಂದಿನ ಕಾಯಕಕ್ಕೆ ಎಷ್ಟು ಬೇಕು ಎಂಬುದು ಖಚಿತವಾಗಿ ತಿಳಿದಿತ್ತು ಎಂಬುದೂ ಅದರಲ್ಲಿಯೇ ಅಡಗಿದೆ. ಆ ಅಳತೆಯನ್ನು ಅರಿತವಳು ಮನೆ ನಡೆಸುವ ಹೆಣ್ಣು. ಅರಿತದ್ದು ಯಾವ ದಸ್ತಾವೇಜನ್ನೂ ನೋಡಿ ಅಲ್ಲ, ದುಡಿಮೆಯನ್ನು ನೋಡಿ. ಕಾಗೋಡಿನ ಗೇಣಿದಾರರು ಕೇಳಿದ್ದೂ ಸರಿಯಾದ ಕೊಳಗವನ್ನೇ. ದೇಗುಲದ ಹೊನ್ನಿನಿಂದ ಸರ್ಕಾರದ ಖಾತರಿಯವರೆಗೆ ಸಾಲದ ಆಧಾರ ಮತ್ತೆ ಮತ್ತೆ ಬದಲಾಗಿದೆ: ದೀಪದ ಅಂಜಿಕೆ, ಕೂಟದ ಕೀರ್ತಿ, ಬರಲಿರುವ ಬೆಳೆ, ನೆರೆಯವರ ಮಾತು, ಪಹಣಿಯ ಹೆಸರು. ೨೦೨೦ರ ಜುಲೈನಿಂದ ‘ಉದ್ಯಮ್’ ನೋಂದಣಿಯೂ ಗಣಕದಲ್ಲಿ ಉಳಿಯುವ ವಹಿವಾಟಿನ ಗುರುತುಗಳೂ ಅದಕ್ಕೆ ಸೇರಿವೆ. ಇವುಗಳಲ್ಲಿ ಯಾವುದು ಕಸುಬುಗಾರನ ದುಡಿಮೆಗೆ ಹತ್ತಿರವಾಗಿತ್ತೋ ಅದು ಅವನನ್ನು ಎತ್ತಿತು. ಯಾವುದು ಅವನ ಬಳಿಯಿಲ್ಲದ ಆಸ್ತಿಯನ್ನೇ ಕೇಳಿತೋ ಅದು ಅವನನ್ನು ಹೊಸ್ತಿಲ ಹೊರಗೆ ನಿಲ್ಲಿಸಿತು.

ಮೇಗರವಳ್ಳಿಯ ದಾರಿಯಲ್ಲಿ ಇಂದು ಎತ್ತಿನ ಹೇರುಗಳಿಲ್ಲ, ಘಟ್ಟ ಇಳಿಯುವ ವಾಹನಗಳ ಸಾಲಿದೆ. ಅಡಕೆಯ ಮೂಟೆ ಹೊತ್ತವನೂ ಹಾಳೆತಟ್ಟೆಯ ಕಟ್ಟು ಹೊತ್ತವಳೂ ಅದೇ ದಾರಿಯಲ್ಲಿ ತೀರ್ಥಹಳ್ಳಿಯ ಪೇಟೆಗೆ ಹೋಗುತ್ತಾರೆ. ಮೂಟೆಯವನಿಗೆ ಸಂಘದ ಉಗ್ರಾಣದಲ್ಲಿ ಮುಂಗಡ ದೊರೆಯುತ್ತದೆ. ಕಟ್ಟು ಹೊತ್ತವಳಿಗೂ ಅವಳ ದುಡಿಮೆಯ ಅಳತೆಗೆ ತಕ್ಕಷ್ಟು, ಮಳೆಗಾಲ ಕಳೆಯುವ ಮೊದಲೇ, ದೊರೆಯುವಂತಾದರೆ ಸಣ್ಣ ಕಸುಬಿಗೆ ಸಾಲವೆಂಬ ಈ ಎಂಟು ನೂರು ವರ್ಷಗಳ ಪ್ರಶ್ನೆಗೆ ಉತ್ತರದ ಒಂದು ಭಾಗವಾದರೂ ದೊರೆತಂತಾಗುತ್ತದೆ.